ಪುಟದೊಳಗೆ ಇಣುಕೋಕೆ ಲ್ಯಾಪ್‌ಟಾಪೇ ಬೇಕಾ?

ಕಂಪ್ಯೂಟರ್‌ನಲ್ಲಿ ಯಾವುದಾದರೂ ವೆಬ್ ಪುಟ ತೆರೆದು ಮೌಸ್‌ನ ಬಲಗುಂಡಿ ಒತ್ತಿ ನೋಡಿ. ಪಟ್ಟಿಯ ಕೊನೆಯಲ್ಲಿ ‘ಇನ್‌ಸ್ಪೆಕ್ಟ್’ ಅಂತ ಒಂದು ಪದ ಇರುತ್ತೆ. ಅದನ್ನ ಒತ್ತಿದರೆ ಪಕ್ಕದಲ್ಲೇ ಒಂದು ಕಿಟಕಿ ತೆರೆದುಕೊಳ್ಳುತ್ತೆ. ಆ ಪುಟವನ್ನ ಯಾವ ಇಟ್ಟಿಗೆ, ಯಾವ ಗಾರೆ ಹಾಕಿ ಕಟ್ಟಿದ್ದಾರೆ ಅನ್ನೋದೆಲ್ಲ ಕಣ್ಣ ಮುಂದೆ ಬರುತ್ತೆ. ಈಗ ಅದೇ ಪುಟವನ್ನ ಫೋನ್‌ನಲ್ಲಿ ತೆರೆದು ಬೆರಳು ಒತ್ತಿ ಹಿಡಿಯಿರಿ. ಕಾಪಿ, ಶೇರ್, ಸರ್ಚ್. ಅಷ್ಟೇ. ಇನ್‌ಸ್ಪೆಕ್ಟ್ ಮಾಯ!

‘ನನಗೇನು ಅದರಿಂದ, ನಾನು ಐಟಿಯವನಲ್ಲ’ ಅಂತ ಮುಂದಕ್ಕೆ ಸ್ಕ್ರೋಲ್ ಮಾಡಬೇಡಿ, ಸ್ವಲ್ಪ ತಾಳಿ. ಬ್ಯಾಂಕ್, ರೈಲು ಟಿಕೆಟ್, ಪರೀಕ್ಷೆ ಅರ್ಜಿ, ಮಕ್ಕಳ ಸ್ಕೂಲ್ ಫೀಸು ಎಲ್ಲವೂ ಫೋನ್‌ನಲ್ಲೇ ಆಗುವ ಕಾಲ ಇದು. ಆ ಪುಟಗಳಲ್ಲಿ ಏನೋ ಕೆಟ್ಟಾಗ ‘ಯಾಕೆ ಕೆಟ್ಟಿತು’ ಅಂತ ನೋಡೋ ಕಿಟಕಿ ಮಾತ್ರ ಕಂಪ್ಯೂಟರ್ ಇದ್ದವರಿಗಷ್ಟೇ ಉಳಿದಿದೆ. ಬೆಂಗಳೂರಿನ ಒಂದು ಆಫೀಸಿನಲ್ಲಿ ವೆಬ್ ಪುಟ ಕಟ್ಟೋದೇ ನನ್ನ ಹೊಟ್ಟೆಪಾಡು. ಹಾಗಾಗಿ ಈ ಕಿಟಕಿ ಜೊತೆ ನನಗೆ ದಿನಾ ಒಡನಾಟ. ಅದನ್ನ ಫೋನ್‌ನಲ್ಲೇ ತೆರೆಯೋಕೆ ಆಗುತ್ತಾ? ಆಗುತ್ತೆ. ಸ್ವಲ್ಪ ಸುತ್ತಿ ಬಳಸಿ ಹೋಗಬೇಕು.

ಮೊದಲು ಆ ಕಿಟಕಿಯಲ್ಲಿ ಏನಿರುತ್ತೆ ಅಂತ ಹೇಳಿಬಿಡ್ತೀನಿ. ಮುಖ್ಯವಾಗಿ ಮೂರು ಕೋಣೆ. ಒಂದು ‘ಎಲಿಮೆಂಟ್ಸ್’. ಪುಟದ ಪ್ರತಿಯೊಂದು ಬಟನ್, ಚಿತ್ರ, ಅಕ್ಷರದ ಹಿಂದೆ ಯಾವ ಸಾಲು ಬರೆದಿದ್ದಾರೆ ಅನ್ನೋದು ಅಲ್ಲಿ ಕಾಣುತ್ತೆ. ಎರಡನೇದು ‘ಕನ್ಸೋಲ್’. ಪುಟದ ಪ್ರೋಗ್ರಾಮ್ ಎಡವಿ ಬಿದ್ದರೆ ಅದರ ಗೋಳು ಅಲ್ಲಿ ಕೆಂಪಕ್ಷರದಲ್ಲಿ ಬೀಳುತ್ತೆ, ಜೊತೆಗೆ ನೀವೇ ಅಲ್ಲಿ ಒಂದು ಸಾಲು ಟೈಪ್ ಮಾಡಿ ಏನಾಗುತ್ತೆ ಅಂತ ನೋಡಬಹುದು. ಮೂರನೇದು ‘ನೆಟ್‌ವರ್ಕ್’. ನಿಮ್ಮ ಫೋನ್‌ನಿಂದ ಸರ್ವರ್‌ಗೆ ಏನು ಹೋಯ್ತು, ಅಲ್ಲಿಂದ ಏನು ಬಂತು, ಎಷ್ಟು ಹೊತ್ತು ಹಿಡಿಯಿತು ಅನ್ನೋ ಲೆಕ್ಕ. ಉಳಿದ ಕೋಣೆಗಳೂ ಇವೆ, ಇವತ್ತಿಗೆ ಇಷ್ಟು ಸಾಕು.

ನನ್ನ ತಲೆಮಾರಿನ ಎಷ್ಟೋ ಜನ ಈ ಕೆಲಸ ಕಲಿತದ್ದು ಕೋರ್ಸ್ ಸೇರಿ ಅಲ್ಲ, ಬೇರೆಯವರ ಪುಟದೊಳಗೆ ಇಣುಕಿ. ಹಾಸನದ ಸೈಬರ್ ಸೆಂಟರ್‌ನಲ್ಲಿ ಗಂಟೆಗೆ ₹20 ಕೊಟ್ಟು ಕೂತು, ಇಷ್ಟವಾದ ಸೈಟ್‌ನಲ್ಲಿ ‘ವ್ಯೂ ಸೋರ್ಸ್’ ಒತ್ತಿ, ಬಂದದ್ದನ್ನ ನೋಟ್‌ಪ್ಯಾಡ್‌ಗೆ ಹಾಕಿ, ಪೆನ್‌ಡ್ರೈವ್‌ನಲ್ಲಿ ತಗೊಂಡು ಬರ್ತಿದ್ದೆ. ಆಮೇಲೆ ಫೈರ್‌ಫಾಕ್ಸ್‌ನಲ್ಲಿ ‘ಫೈರ್‌ಬಗ್’ ಹಾಕಿಕೊಂಡೆ. ಜೋ ಹೆವಿಟ್ ಅನ್ನೋರು 2006ರಲ್ಲಿ ಹೊರತಂದ ಪುಟ್ಟ ಜೋಡಣೆ ಅದು. ಪುಟ ಓಡ್ತಾ ಇರುವಾಗಲೇ ಅದರ ಬಣ್ಣ ಬದಲಿಸಿ, ಅಳತೆ ತಿದ್ದಿ, ಆ ಕ್ಷಣವೇ ಫಲ ನೋಡಬಹುದಿತ್ತು. ಇವತ್ತು ಎಲ್ಲ ಬ್ರೌಸರ್‌ಗಳಲ್ಲಿ ಇರುವ ಡೆವಲಪರ್ ಟೂಲ್ಸ್‌ನ ರೂಪ ಬಹುಮಟ್ಟಿಗೆ ಅಲ್ಲಿಂದಲೇ ಬಂದದ್ದು. 2017ರಲ್ಲಿ ಫೈರ್‌ಬಗ್ ನಿಂತಿತು. ಅಷ್ಟರಲ್ಲಿ ಅದರ ಕೆಲಸವೆಲ್ಲ ಬ್ರೌಸರ್‌ನ ಒಳಗೇ ಸೇರಿಹೋಗಿತ್ತು.

ಈಗ ಯೋಚನೆ ಮಾಡಿ. ನನಗೆ ಸೈಬರ್ ಸೆಂಟರ್ ಇತ್ತು. ಇವತ್ತು ಪಿಯುಸಿ ಓದೋ ಹುಡುಗ-ಹುಡುಗಿಯರಿಗೆ ಇಂಟರ್ನೆಟ್ ಅಂದ್ರೆ ಫೋನೇ. ಅದರಲ್ಲಿ ಪುಟ ನೋಡಬಹುದು, ಲೈಕ್ ಒತ್ತಬಹುದು, ದುಡ್ಡು ಕಳಿಸಬಹುದು. ಪುಟ ಹೇಗೆ ಕಟ್ಟಿದ್ದಾರೆ ಅಂತ ನೋಡೋ ಏಣಿಯನ್ನ ಮಾತ್ರ ಯಾರೋ ಎತ್ತಿ ಅಟ್ಟಕ್ಕೆ ಹಾಕಿಬಿಟ್ಟಿದ್ದಾರೆ.

“ಮಾಮ, ನನ್ ಹೆಸರನ್ನೇ ತಗೋತಿಲ್ಲ”

ಇದು ಬರೀ ಕಲಿಕೆಯ ವಿಷಯವೂ ಅಲ್ಲ. ಒಂದು ಉದಾಹರಣೆ ಹೇಳ್ತೀನಿ. ಹೋದ ವರ್ಷ ಬೆಂಗಳೂರಿಂದ ಊರಿಗೆ ಬಸ್ಸಲ್ಲಿ ಹೊರಟಿದ್ದೆ. ಕುಣಿಗಲ್ ದಾಟಿರಬೇಕು, ಅಕ್ಕನ ಮಗಳ ಫೋನ್ ಬಂತು. ಒಂದು ಟ್ರಸ್ಟಿನ ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬ್ತಾ ಇದ್ದಳು. ಕೊನೆಯ ದಿನಕ್ಕೆ ಇನ್ನು ಎರಡೇ ದಿನ.

“ಮಾಮ, ನನ್ ಹೆಸರನ್ನೇ ತಗೋತಿಲ್ಲ ಅದು.”

“ನಿನ್ ಹೆಸರು ತಗೊಳ್ದೆ ಇನ್ಯಾರ್ ಹೆಸರು ತಗೊಳುತ್ತಂತೆ?”

“ತಮಾಷೆ ಅಲ್ಲ ಮಾಮ. ಹೆಸರು ಕನ್ನಡದಲ್ಲಿ ಬರೀರಿ ಅಂತಾರೆ, ಬರೆದ್ರೆ ‘ಸರಿಯಾದ ಹೆಸರು ನಮೂದಿಸಿ’ ಅಂತ ಕೆಂಪಗೆ ಬರುತ್ತೆ. ನನ್ ಫ್ರೆಂಡ್‌ದು ಮಾತ್ರ ಒಂದೇ ಸಲಕ್ಕೆ ತಗೊಂತು.”

ಸಹಾಯವಾಣಿಗೆ ಆಗಲೇ ಎರಡು ಸಲ ಫೋನ್ ಮಾಡಿದ್ದಳಂತೆ. ಮೊದಲ ಸಲ ‘ಕ್ಯಾಶ್ ಕ್ಲಿಯರ್ ಮಾಡಿ’ ಅಂದರು. ಎರಡನೇ ಸಲ ‘ಮೊಬೈಲ್‌ನಲ್ಲಿ ಆಗಲ್ಲ, ಲ್ಯಾಪ್‌ಟಾಪ್‌ನಲ್ಲಿ ಟ್ರೈ ಮಾಡಿ’ ಅಂದರು. ಲ್ಯಾಪ್‌ಟಾಪ್ ಅಂದ್ರೆ ಅವರ ಊರಿಂದ ಪೇಟೆಗೆ ಹೋಗಬೇಕು. ಬೆಳಗಿನ ಬಸ್ಸು, ಸೈಬರ್‌ನಲ್ಲಿ ಸರದಿ, ಅವಳ ಜೊತೆಗೆ ಅಕ್ಕನ ಒಂದು ದಿನದ ಕೂಲಿಯೂ ಹೋಯ್ತು. ಅದಕ್ಕಿಂತ ನನಗೆ ಭಯವಾದದ್ದು ಇನ್ನೊಂದಕ್ಕೆ. ಸೈಬರ್‌ನಲ್ಲಿ ಇಂಥ ಫಾರ್ಮ್ ಸಿಕ್ಕಿಹಾಕಿಕೊಂಡರೆ, ತಗೊಳ್ಳೋ ತನಕ ಹೆಸರನ್ನ ಹೇಗೆ ಹೇಗೋ ತಿರುಚಿ ಟೈಪ್ ಮಾಡಿ ಮುಂದಕ್ಕೆ ತಳ್ಳಿಬಿಡೋದುಂಟು. ಅರ್ಜಿಯಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಮುಂದಿನ ಪಾಡು ಏನು ಅಂತ ಅಫಿಡವಿಟ್ ಮಾಡಿಸಿದವರನ್ನ ಕೇಳಿ.

ನನ್ನ ಲ್ಯಾಪ್‌ಟಾಪ್ ಬಸ್ಸಿನ ಮೇಲಿನ ಕಂಪಾರ್ಟ್‌ಮೆಂಟ್‌ನಲ್ಲಿ, ಎರಡು ಬ್ಯಾಗುಗಳ ಅಡಿಯಲ್ಲಿತ್ತು. ಅದು ಬೇಡವೇ ಬೇಡ ಅಂತ ಫೋನ್‌ನಲ್ಲೇ ಆ ಫಾರ್ಮ್ ತೆರೆದೆ. ಲಾಗಿನ್ ಇಲ್ಲದೇ ಯಾರು ಬೇಕಾದರೂ ತೆರೆಯಬಹುದಾದ ಪುಟ ಅದು. ನನ್ನ ಫೋನ್‌ನ ಕ್ರೋಮ್‌ನಲ್ಲಿ ‘ಎರುಡಾ’ ಅನ್ನೋ ಒಂದು ಬುಕ್‌ಮಾರ್ಕ್ ಇಟ್ಟುಕೊಂಡಿದ್ದೀನಿ. ಅದನ್ನ ಓಡಿಸಿದರೆ ಪರದೆಯ ಮೂಲೆಯಲ್ಲಿ ಪುಟ್ಟ ಗೇರ್ ಚಿಹ್ನೆ ಬರುತ್ತೆ. ಅದನ್ನ ಮುಟ್ಟಿದರೆ ನಾನು ಮೇಲೆ ಹೇಳಿದ ಮೂರೂ ಕೋಣೆ ಫೋನ್‌ನಲ್ಲೇ ಹಾಜರ್.

ಒಂದು ಸುಳ್ಳು ಹೆಸರು ಹಾಕಿ ‘ಮುಂದೆ’ ಬಟನ್ ಒತ್ತಿದೆ. ಕೆಂಪು ಎಚ್ಚರಿಕೆ ಬಂತು. ನೆಟ್‌ವರ್ಕ್ ಕೋಣೆ ಖಾಲಿ. ಅಂದ್ರೆ ಸರ್ವರ್‌ಗೆ ಏನೂ ಹೋಗೇ ಇಲ್ಲ, ತಡೆದಿರೋದು ಪುಟವೇ. ಇಷ್ಟರಲ್ಲೇ ‘ಸರ್ವರ್ ಬ್ಯುಸಿ’, ‘ನಿಮ್ಮ ನೆಟ್ ಸ್ಲೋ’ ಅನ್ನೋ ಮಾತುಗಳೆಲ್ಲ ಬಿದ್ದುಹೋದವು. ಕನ್ಸೋಲ್‌ನಲ್ಲೂ ಕೆಂಪು ಸಾಲಿಲ್ಲ, ಪ್ರೋಗ್ರಾಮ್ ಎಡವಿಲ್ಲ. ಹಾಗಾದ್ರೆ ಪುಟ ಬೇಕಂತಲೇ ಬೇಡ ಅಂತಿದೆ. ಎಲಿಮೆಂಟ್ಸ್‌ಗೆ ಹೋಗಿ ಹೆಸರು ಬರೆಯೋ ಚೌಕವನ್ನ ಆರಿಸಿದೆ. ಅಲ್ಲಿತ್ತು ನಿಯಮ. ಈ ಚೌಕದಲ್ಲಿ ಯಾವ ಅಕ್ಷರಗಳು ಬರಬಹುದು ಅನ್ನೋದಕ್ಕೆ ಆವರಣದೊಳಗೆ ಬರೆದಿದ್ದರು: [ಅ-ಹ].

ಅ ಇಂದ ಹ ತನಕ. ಕೇಳೋಕೆ ಎಷ್ಟು ಸರಿಯಾಗಿದೆ ನೋಡಿ. ಒಂದನೇ ಕ್ಲಾಸಿನ ಮೇಷ್ಟ್ರೂ ಒಪ್ಪಿಕೊಳ್ಳಬಹುದು. ಆದರೆ ಕಂಪ್ಯೂಟರ್‌ನ ಲೆಕ್ಕದಲ್ಲಿ ಕನ್ನಡದ ‘ವಿ’ ಅನ್ನೋದು ಒಂದಕ್ಷರ ಅಲ್ಲ. ‘ವ’ ಒಂದು, ಅದರ ಮೇಲೆ ಕೂತ ಗುಡಿಸು ಇನ್ನೊಂದು. ಯೂನಿಕೋಡ್ ಪಟ್ಟಿಯಲ್ಲಿ ಈ ಗುಡಿಸು, ಕೊಂಬು, ಇಳಿ, ಒತ್ತು ಕೊಡುವ ಚಿಹ್ನೆ ಎಲ್ಲ ‘ಹ’ ಆದಮೇಲೆ ಬರುತ್ತವೆ. ಸೊನ್ನೆಯಂತೂ ‘ಅ’ಗಿಂತ ಮೊದಲೇ ಕೂತಿದೆ. ಹಾಗಾಗಿ ಆ ನಿಯಮದ ಪ್ರಕಾರ ‘ಗಗನ’ ಪಾಸ್, ‘ಕಮಲ’ ಪಾಸ್, ‘ರವಿ’ ಫೇಲ್. ‘ಲಕ್ಷ್ಮಿ’ ಅಂತೂ ಕೇಳಲೇಬೇಡಿ. ಕನ್ಸೋಲ್‌ನಲ್ಲಿ ಈ ನಾಲ್ಕನ್ನೂ ಒಂದೊಂದಾಗಿ ಹಾಕಿ ನೋಡಿದೆ. ಹೌದು, ಹೌದು, ಇಲ್ಲ, ಇಲ್ಲ ಅಂತ ಉತ್ತರ ಬಂತು. ಅಕ್ಕನ ಮಗಳ ಗೆಳತಿಯ ಹೆಸರಲ್ಲಿ ಕಾಗುಣಿತವೂ ಇಲ್ಲ, ಒತ್ತೂ ಇಲ್ಲ. ಇವಳ ಹೆಸರಲ್ಲಿ ಎರಡೂ ಇವೆ. ಗುಟ್ಟು ಅಷ್ಟೇ.

ಗಮನಿಸಿ, ಇದು ಮೊಬೈಲ್‌ನ ತೊಂದರೆಯೇ ಅಲ್ಲ. ಪೇಟೆಗೆ ಹೋಗಿ ಲ್ಯಾಪ್‌ಟಾಪ್‌ನಲ್ಲಿ ತುಂಬಿದ್ದರೂ ಅದೇ ಕೆಂಪು ಸಾಲು ಬರ್ತಿತ್ತು. ಬಸ್ ಚಾರ್ಜೂ ದಂಡ, ದಿನವೂ ದಂಡ.

ಅವಳ ಫೋನ್‌ನಲ್ಲಿ ಆ ನಿಯಮವನ್ನ ಅಳಿಸಿ ಅರ್ಜಿ ಕಳಿಸಿಬಿಡಬಹುದಿತ್ತಾ? ತಾಂತ್ರಿಕವಾಗಿ ಆಗಬಹುದು. ಆದರೆ ಸರ್ವರ್‌ನಲ್ಲೂ ಅದೇ ನಿಯಮ ಇದ್ದರೆ ಅರ್ಜಿ ಮಧ್ಯದಲ್ಲೆಲ್ಲೋ ಬಿದ್ದುಹೋಗುತ್ತೆ. ದುಡ್ಡಿನ ಅರ್ಜಿಯಲ್ಲಿ ಅಂಥ ಚಾಲಾಕಿತನ ಬೇಡ ಅನ್ನೋದು ನನ್ನ ಅಭಿಪ್ರಾಯ. ಸ್ಕ್ರೀನ್‌ಶಾಟ್ ತೆಗೆದು, ಆ ಒಂದು ಸಾಲಿಗೆ ಗೆರೆ ಹಾಕಿ, ‘ಈ ನಿಯಮ ಕಾಗುಣಿತ, ಒತ್ತಕ್ಷರ, ಸೊನ್ನೆ ಇರುವ ಎಲ್ಲ ಹೆಸರನ್ನೂ ತಿರಸ್ಕರಿಸುತ್ತಿದೆ, ಕನ್ನಡದ ಪೂರ್ತಿ ಅಕ್ಷರಪಟ್ಟಿಗೆ ವಿಸ್ತರಿಸಿ’ ಅಂತ ಬರೆದು ಅವಳಿಂದಲೇ ಇಮೇಲ್ ಮಾಡಿಸಿದೆ. ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಅವಳ ಮೆಸೇಜ್: “ತಗೊಂತು ಮಾಮ!” ಸಹಾಯವಾಣಿಯವರನ್ನ ನಾನು ಬೈಯಲ್ಲ. ‘ಆಗ್ತಿಲ್ಲ’ ಅಂತ ದಿನಕ್ಕೆ ಇನ್ನೂರು ಜನ ಹೇಳಿದರೆ ಅವರಾದರೂ ಏನು ಮಾಡಿಯಾರು? ಎಲ್ಲಿ ಆಗ್ತಿಲ್ಲ ಅಂತ ಬೆರಳಿಟ್ಟು ತೋರಿಸಿದರೆ ಕೆಲಸ ಮಾಡೋರಿಗೂ ಸುಲಭ.

(ಈ ಕೆಲಸದಲ್ಲೇ ಇರೋರಿಗೆ ಒಂದು ಮಾತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ವಠಾರವನ್ನೇ ಮೀಸಲಿಟ್ಟಿದ್ದಾರೆ, ನಿಯಮ ಬರೆಯುವಾಗ ಅಷ್ಟನ್ನೂ ಸೇರಿಸಿ. ಅದೂ ಸಾಲಲ್ಲ. ‘ರಾಜ್‌ಕುಮಾರ್’ ಅಂತ ಬರೆಯುವಾಗ ‘ಜ್’ ಕೆಳಗೆ ‘ಕು’ ಒತ್ತಾಗಿ ಇಳಿಯದ ಹಾಗೆ ತಡೆಯೋಕೆ ಕಣ್ಣಿಗೆ ಕಾಣದ ಒಂದು ಅಕ್ಷರ ನಡುವೆ ಕೂತಿರುತ್ತೆ. ಅದರ ಮನೆ ಈ ವಠಾರದ ಹೊರಗಿದೆ. ಅದನ್ನೂ ಒಳಗೆ ಬಿಟ್ಟುಕೊಳ್ಳಿ. ಹಾಗೇ ‘ಹೆಸರು 10 ಅಕ್ಷರ ಮೀರಬಾರದು’ ಅನ್ನೋ ಮಿತಿ ಹಾಕೋ ಮುಂಚೆ ಕನ್ಸೋಲ್‌ನಲ್ಲಿ ‘ಲಕ್ಷ್ಮಿ’ಯ ಉದ್ದ ಕೇಳಿ ನೋಡಿ. ನಮ್ಮ ಕಣ್ಣಿಗೆ ಎರಡಕ್ಷರ. ಬ್ರೌಸರ್ 7 ಅನ್ನುತ್ತೆ.)

ದಾರಿ ಯಾವುದಯ್ಯಾ?

ಆಂಡ್ರಾಯ್ಡ್ ಫೋನ್‌ನ ಕ್ರೋಮ್‌ನಲ್ಲಿ ಎಲ್ಲಕ್ಕಿಂತ ಸುಲಭದ್ದು, ಅಡ್ರೆಸ್ ಬಾರ್‌ನಲ್ಲಿ ವಿಳಾಸದ ಮುಂದೆ ‘ವ್ಯೂ-ಸೋರ್ಸ್’ ಅಂತ ಇಂಗ್ಲಿಷ್‌ನಲ್ಲಿ ಬರೆದು, ಒಂದು ಕೋಲನ್ ಹಾಕೋದು. ಸರ್ವರ್‌ನಿಂದ ಬಂದ ಮೂಲ ಬರಹ ಹಾಗೇ ಕಾಣುತ್ತೆ. ಆದರೆ ಇವತ್ತಿನ ಎಷ್ಟೋ ಪುಟಗಳು ಬಂದಮೇಲೆ ಪ್ರೋಗ್ರಾಮ್ ಓಡಿ ರೂಪುಗೊಳ್ಳುವಂಥವು. ಅಲ್ಲಿ ಮೂಲ ಬರಹ ನೋಡಿದರೆ ಖಾಲಿ ಚೌಕಟ್ಟು ಬಿಟ್ಟು ಹೆಚ್ಚೇನೂ ಸಿಗಲ್ಲ.

ಕಂಪನಿಗಳು ಕೊಟ್ಟಿರೋ ಅಧಿಕೃತ ದಾರಿ ಅಂದ್ರೆ ಕೇಬಲ್. ಆಂಡ್ರಾಯ್ಡ್‌ನ ಕ್ರೋಮ್ ಮತ್ತು ಐಫೋನ್‌ನ ಸಫಾರಿ ಎರಡಕ್ಕೂ ಇದು 2012ರ ಸುಮಾರಿಗೆ ಬಂತು. ಆಂಡ್ರಾಯ್ಡ್‌ನಲ್ಲಿ ಸೆಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ಒಳಗೆ ‘ಬಿಲ್ಡ್ ನಂಬರ್’ ಅನ್ನೋದನ್ನ 7 ಸಲ ಕುಟ್ಟಬೇಕು. ಆಗ ‘ನೀವೀಗ ಡೆವಲಪರ್’ ಅಂತ ಫೋನೇ ಪದವಿ ಕೊಡುತ್ತೆ! ಇಂಜಿನಿಯರಿಂಗ್ ಓದದೇ ಸಿಗೋ ಒಂದೇ ಪದವಿ ಇದು ಅಂತ ನಮ್ಮ ಆಫೀಸಿನಲ್ಲಿ ಹಳೇ ಜೋಕು. ಆಮೇಲೆ ಡೆವಲಪರ್ ಆಪ್ಶನ್ಸ್‌ನಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಕೇಬಲ್ ಚುಚ್ಚಿ, ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಪುಟ ತೆರೆದರೆ ಫೋನ್‌ನಲ್ಲಿ ತೆರೆದಿರುವ ಟ್ಯಾಬ್‌ಗಳು ಸಾಲಾಗಿ ಕಾಣುತ್ತವೆ. ಐಫೋನ್ ಆದರೆ ಸಫಾರಿಯ ಸೆಟಿಂಗ್ಸ್‌ನಲ್ಲಿ ‘ಅಡ್ವಾನ್ಸ್‌ಡ್’ ಒಳಗೆ ‘ವೆಬ್ ಇನ್‌ಸ್ಪೆಕ್ಟರ್’ ಇದೆ. ಅದನ್ನ ಆನ್ ಮಾಡಿದ ಮೇಲೆ ಆಪಲ್‌ನ ದಾರಿಯಲ್ಲಿ ಹೋಗೋಕೆ ಒಂದು ಮ್ಯಾಕ್ ಕಂಪ್ಯೂಟರೂ ಬೇಕು. ಫೋನ್ ತಗೊಂಡ ಸಾಲ ತೀರೋ ಮೊದಲೇ ಇನ್ನೊಂದು ಸಾಲ. ನಮ್ಮಲ್ಲಿ ಐಫೋನ್‌ನ ಕ್ರೋಮ್, ಫೈರ್‌ಫಾಕ್ಸ್ ಎಲ್ಲದರ ಹೊಟ್ಟೆಯೊಳಗೂ ಇರೋದು ಆಪಲ್‌ನ ವೆಬ್‌ಕಿಟ್ ಎಂಜಿನ್ನೇ ಆದ್ದರಿಂದ ಬ್ರೌಸರ್ ಬದಲಿಸಿದ ಮಾತ್ರಕ್ಕೆ ದಾರಿ ಬದಲಾಗಲ್ಲ.

ಕೇಬಲ್ ದಾರಿ ಚೆನ್ನಾಗಿದೆ, ಆಫೀಸಿನಲ್ಲಿ ನಾನೂ ಅದನ್ನೇ ಬಳಸೋದು. ಆದರೆ ‘ಫೋನ್ ಮಾತ್ರ ಇದೆ’ ಅನ್ನೋರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಫೋನ್‌ನಲ್ಲೇ ಪೂರ್ತಿ ಟೂಲ್ಸ್ ಕೊಟ್ಟಿದ್ದ ಒಂದು ಬ್ರೌಸರ್ ಇತ್ತು, ಆಂಡ್ರಾಯ್ಡ್‌ನ ‘ಕಿವಿ’. ಹಕ್ಕಿಯ ಹೆಸರು, ನಮ್ಮ ಕಿವಿ ಅಲ್ಲ. ಕಂಪ್ಯೂಟರ್ ಕ್ರೋಮ್‌ನ ಎಕ್ಸ್‌ಟೆನ್ಶನ್‌ಗಳನ್ನೂ ಹಾಕಿಕೊಳ್ಳಬಹುದಿತ್ತು, ಮೆನುವಿನಲ್ಲೇ ಡೆವಲಪರ್ ಟೂಲ್ಸ್ ಇತ್ತು. ಅಂಗೈಯಗಲದ ಪರದೆಯಲ್ಲಿ ಅಕ್ಷರ ಸಾಸಿವೆ ಕಾಳಿನಷ್ಟು ಕಾಣ್ತಿತ್ತು ಅನ್ನೋದು ನಿಜ, ಆದರೂ ಇತ್ತು. 2025ರ ಆರಂಭದಲ್ಲಿ ಅದು ನಿಂತೇಹೋಯಿತು. ನಿರ್ವಹಣೆ ಇಲ್ಲದ ಬ್ರೌಸರ್ ಇಟ್ಟುಕೊಳ್ಳೋದು ಬೀಗ ಕೆಟ್ಟ ಮನೆಯಲ್ಲಿ ಮಲಗಿದ ಹಾಗೆ, ಇನ್ನೂ ಫೋನ್‌ನಲ್ಲಿದ್ದರೆ ತೆಗೆದುಹಾಕಿ. ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ 2023ರ ಡಿಸೆಂಬರ್‌ನಲ್ಲಿ ಎಕ್ಸ್‌ಟೆನ್ಶನ್‌ಗಳಿಗೆ ಬಾಗಿಲು ಪೂರ್ತಿ ತೆರೆಯಿತು. ಇದು ಒಳ್ಳೇ ಸುದ್ದಿ.

ಉಳಿದದ್ದು ನಾನು ಬಸ್ಸಲ್ಲಿ ಬಳಸಿದ ದಾರಿ. ಎರುಡಾ ಅನ್ನೋದು ಪುಟದೊಳಗೇ ಕೂತು ಕೆಲಸ ಮಾಡುವ ಒಂದು ಚಿಕ್ಕ ಪ್ರೋಗ್ರಾಮ್, ಮುಕ್ತ ತಂತ್ರಾಂಶ, ಉಚಿತ. ಚೀನಾದ ಟೆನ್ಸೆಂಟ್ ಕಂಪನಿಯವರ ‘ವಿಕನ್ಸೋಲ್’ ಕೂಡ ಇದೇ ಜಾತಿಯದು. ಎರುಡಾದ ಗಿಟ್‌ಹಬ್ ಪುಟದಲ್ಲಿ ಬುಕ್‌ಮಾರ್ಕ್‌ಗೆ ಹಾಕಬೇಕಾದ ಸಾಲು ಸಿಗುತ್ತೆ. ಯಾವುದೋ ಒಂದು ಪುಟವನ್ನ ಬುಕ್‌ಮಾರ್ಕ್ ಮಾಡಿ, ಆಮೇಲೆ ಅದನ್ನ ಎಡಿಟ್ ಮಾಡಿ, ವಿಳಾಸದ ಜಾಗದಲ್ಲಿ ಈ ಸಾಲು ಹಾಕಿ, ಹೆಸರು ಎರುಡಾ ಅಂತ ಕೊಡಿ. ಬೇಕಾದಾಗ ಬುಕ್‌ಮಾರ್ಕ್ ಪಟ್ಟಿಗೆ ಹೋಗಿ ಒತ್ತಬೇಡಿ. ನೋಡಬೇಕಾದ ಪುಟದಲ್ಲಿದ್ದುಕೊಂಡೇ ಅಡ್ರೆಸ್ ಬಾರ್‌ನಲ್ಲಿ ಆ ಹೆಸರು ಟೈಪ್ ಮಾಡಿ, ಕೆಳಗೆ ಸೂಚನೆಯಾಗಿ ಬಂದದ್ದನ್ನ ಮುಟ್ಟಿ. ಸಾಲನ್ನ ನೇರವಾಗಿ ಅಡ್ರೆಸ್ ಬಾರ್‌ಗೆ ಅಂಟಿಸಿದರೆ ಅನೇಕ ಬ್ರೌಸರ್‌ಗಳು ‘ಜಾವಾಸ್ಕ್ರಿಪ್ಟ್’ ಅನ್ನೋ ಮೊದಲ ಪದವನ್ನೇ ಕತ್ತರಿಸಿಹಾಕುತ್ತವೆ. ಅದಕ್ಕೇ ಈ ಸುತ್ತುದಾರಿ. ಕೆಲವು ಸೈಟ್‌ಗಳು ಹೊರಗಿನ ಪ್ರೋಗ್ರಾಮನ್ನ ಒಳಗೆ ಬಿಟ್ಟುಕೊಳ್ಳಲ್ಲ, ಅಲ್ಲಿ ಇದು ನಡೆಯಲ್ಲ. ಬಿಟ್ಟುಕೊಳ್ಳದಿರೋದೂ ಒಳ್ಳೇದೇ.

ಯಾಕೆ ಅಂದ್ರೆ, ಇದು ಚೂರಿ ಇದ್ದ ಹಾಗೆ. ಬ್ಯಾಂಕಿನ ಪುಟ, ಲಾಗಿನ್ ಆಗಿರುವ ಇಮೇಲ್, ಯುಪಿಐ, ಇಲ್ಲೆಲ್ಲ ಎರುಡಾ ಆಗಲಿ, ಬೇರೆ ಯಾವ ಬುಕ್‌ಮಾರ್ಕ್ ಪ್ರೋಗ್ರಾಮ್ ಆಗಲಿ ಓಡಿಸಲೇಬೇಡಿ. ಪುಟದೊಳಗೆ ಕೂತ ಪ್ರೋಗ್ರಾಮ್‌ಗೆ ಆ ಪುಟದಲ್ಲಿ ನಿಮಗೆ ಕಾಣೋದೆಲ್ಲ ಕಾಣುತ್ತೆ. ‘ಈ ಸಾಲನ್ನ ಕಾಪಿ ಮಾಡಿ ಅಂಟಿಸಿ, ನಿಮ್ಮ ಪ್ರೊಫೈಲ್ ಯಾರು ನೋಡಿದ್ರು ಗೊತ್ತಾಗುತ್ತೆ’ ಅಂತ ಬರೋ ಮೆಸೇಜ್‌ಗಳ ಉದ್ದೇಶವೇ ಅದು. ಕಂಪ್ಯೂಟರ್‌ನಲ್ಲಿ ಫೇಸ್‌ಬುಕ್ ತೆರೆದು ಕನ್ಸೋಲ್‌ಗೆ ಹೋದರೆ ದೊಡ್ಡ ಅಕ್ಷರದಲ್ಲಿ ‘ನಿಲ್ಲಿ’ ಅನ್ನೋ ಎಚ್ಚರಿಕೆ ಕಾಣೋದು ಇದಕ್ಕೇ. ಫೋನ್ ಬ್ರೌಸರ್‌ನಲ್ಲಿ ಟೂಲ್ಸ್ ಇಡದಿರೋದಕ್ಕೆ ಜನ ಹೇಳೋ ಕಾರಣಗಳಲ್ಲಿ ಇದೂ ಒಂದು. ನಾನು ಅರ್ಧ ಒಪ್ಪುತ್ತೀನಿ. ಎಚ್ಚರಿಕೆ ಕೊಡಿ, ಸೆಟಿಂಗ್ಸ್‌ನ ಆಳದಲ್ಲಿ ಇಡಿ, ಬೇಕಿದ್ದರೆ ಅದನ್ನೂ 7 ಸಲ ಕುಟ್ಟಿಸಿ. ಪೂರ್ತಿ ಇಲ್ಲ ಅನ್ನೋದು ಯಾಕೆ? ‘ಪರದೆ ಚಿಕ್ಕದು’ ಅನ್ನೋ ಇನ್ನೊಂದು ಕಾರಣವನ್ನಂತೂ ನಾನು ಒಪ್ಪೋದೇ ಇಲ್ಲ. ಇದೇ ಚಿಕ್ಕ ಪರದೆಯಲ್ಲಿ ಜನ ಸಿನಿಮಾ ಎಡಿಟ್ ಮಾಡ್ತಿದ್ದಾರೆ.

ಇಣುಕೋ ಅಭ್ಯಾಸ ಇದ್ದವರಿಗೆ ಮೋಸಗಳೂ ಬೇಗ ಕಾಣುತ್ತವೆ. ಎರುಡಾದಲ್ಲಿ ಪುಟದ ಅಕ್ಷರಗಳನ್ನ ನೇರವಾಗಿ ತಿದ್ದುವ ಒಂದು ಸೌಲಭ್ಯ ಇದೆ. ಊರಲ್ಲಿ ಭಾವನ ಮುಂದೆ ಒಂದು ಸುದ್ದಿಪುಟ ತೆರೆದು, ತಲೆಬರಹದಲ್ಲಿ ಅವರ ಹೆಸರು ಹಾಕಿ ತೋರಿಸಿದೆ. “ಅಯ್ಯೋ, ಇದೆಲ್ಲಿ ಬಂತು ನನ್ ಹೆಸ್ರು!” ಅಂತ ಗಾಬರಿಯಾದರು. ರಿಫ್ರೆಶ್ ಒತ್ತಿದೆ, ಹೆಸರು ಮಾಯ. ಬದಲಾದದ್ದು ನನ್ನ ಫೋನ್‌ನಲ್ಲಿರುವ ನಕಲಷ್ಟೇ, ಸರ್ವರ್‌ನಲ್ಲಿ ಏನೂ ಬದಲಾಗಿಲ್ಲ. ಆದರೆ ರಿಫ್ರೆಶ್‌ಗೆ ಮೊದಲು ತೆಗೆದ ಸ್ಕ್ರೀನ್‌ಶಾಟ್ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು? ‘ನಮ್ಮ ಗ್ರೂಪ್ ಸೇರಿ ಒಂದೇ ವಾರದಲ್ಲಿ ಇಷ್ಟು ಲಾಭ’ ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡೋ ಖಾತೆಯ ಚಿತ್ರಗಳನ್ನ ಹೀಗೆ ಒಂದು ನಿಮಿಷದಲ್ಲಿ ತಯಾರು ಮಾಡಬಹುದು. ಆವತ್ತಿನಿಂದ ಭಾವ ಯಾರ ಸ್ಕ್ರೀನ್‌ಶಾಟನ್ನೂ ನಂಬಲ್ಲ. ನಾನು ಕಳಿಸಿದ ಟಿಕೆಟ್‌ನದ್ದೂ!

ನಿಜವಾದ ಫೋನ್‌ನಲ್ಲಷ್ಟೇ ಕಾಣೋದು

ವೆಬ್ ಕೆಲಸದಲ್ಲಿರೋ ಓದುಗರು ಕೇಳಬಹುದು: ಕಂಪ್ಯೂಟರ್ ಕ್ರೋಮ್‌ನಲ್ಲೇ ಫೋನ್ ಆಕಾರದ ಚೌಕಟ್ಟು ತೋರಿಸೋ ಸೌಲಭ್ಯ ಇದೆಯಲ್ಲ, ಅದು ಸಾಲದಾ? ಸಾಲದು. ಅದು ಅಂಗಡಿಯ ಮುಂದೆ ನಿಲ್ಲಿಸಿದ ಬೊಂಬೆಗೆ ಸೀರೆ ಉಡಿಸಿ ನೋಡಿದ ಹಾಗೆ. ಅಳತೆ ಗೊತ್ತಾಗುತ್ತೆ, ನಡೆದಾಗ ನೆರಿಗೆ ಕಾಲಿಗೆ ಸಿಗುತ್ತಾ ಅನ್ನೋದು ಗೊತ್ತಾಗಲ್ಲ. ಆ ಚೌಕಟ್ಟಿನೊಳಗೆ ಓಡೋದು ಕಂಪ್ಯೂಟರಿನ ಎಂಜಿನ್ನೇ, ಬಳಸೋದು ಕಂಪ್ಯೂಟರಿನ ಅಕ್ಷರಗಳನ್ನೇ.

ಕೀಬೋರ್ಡನ್ನೇ ತಗೊಳ್ಳಿ. ಆ ಚೌಕಟ್ಟಿನಲ್ಲಿ ಕೀಬೋರ್ಡ್ ಮೇಲೆದ್ದು ಬರೋದೇ ಇಲ್ಲ. ಮೊದಲೆಲ್ಲ ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಕೀಬೋರ್ಡ್ ಬಂದಾಗ ಪುಟವೇ ಕುಗ್ಗಿ, ತಳಕ್ಕೆ ಅಂಟಿಸಿದ ‘ಸಲ್ಲಿಸಿ’ ಬಟನ್ ಕೀಬೋರ್ಡ್ ಮೇಲೆ ಬಂದು ಕೂರ್ತಿತ್ತು. 2022ರ ಕೊನೆಯಲ್ಲಿ ಬಂದ 108ನೇ ಆವೃತ್ತಿಯಿಂದ ಪುಟ ಕುಗ್ಗಲ್ಲ, ಕೀಬೋರ್ಡ್ ಅದರ ಮೇಲೆ ಹೊದ್ದುಕೊಳ್ಳುತ್ತೆ, ಬಟನ್ ಕೆಳಗೆ ಮುಚ್ಚಿಹೋಗುತ್ತೆ. ಪುಟದ ತಲೆಯಲ್ಲಿ ಒಂದು ಸಾಲು ಸೇರಿಸಿದರೆ ಹಳೇ ರೀತಿ ವಾಪಸ್ ತರಬಹುದು. ಆದರೆ ತೊಂದರೆ ಇದೆ ಅಂತ ಗೊತ್ತಾದರೆ ತಾನೇ? ‘ಸಬ್ಮಿಟ್ ಬಟನ್ನೇ ಇಲ್ಲ ಸಾರ್’ ಅಂತ ಯಾರಾದರೂ ಫೋನ್ ಮಾಡಿದರೆ ‘ನಮಗೆ ಕಾಣ್ತಿದೆಯಲ್ಲ’ ಅನ್ನೋ ಉತ್ತರ ಬರೋದು ಹೀಗೆ. ಓದುಗರೇ, ನಿಮಗೆ ಹಾಗಾದರೆ ಬ್ಯಾಕ್ ಒಮ್ಮೆ ಒತ್ತಿ ಕೀಬೋರ್ಡ್ ಇಳಿಸಿ ನೋಡಿ. ಎಷ್ಟೋ ಸಲ ಬಟನ್ ಅಲ್ಲೇ ಕೆಳಗೆ ಅವಿತಿರುತ್ತೆ.

ಐಫೋನ್‌ನಲ್ಲಿ ಹೆಸರು ಬರೆಯೋಕೆ ಚೌಕ ಮುಟ್ಟಿದ ತಕ್ಷಣ ಪುಟ ದಿಢೀರ್ ಹಿಗ್ಗಿ ಪಕ್ಕಕ್ಕೆ ಜಾರುತ್ತಲ್ಲ, ಅದಕ್ಕೆ ಕಾರಣ ಚೌಕದೊಳಗಿನ ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಇರೋದು. ಇದೂ ಕಂಪ್ಯೂಟರ್‌ನಲ್ಲಿ ಕಾಣಲ್ಲ.

ಕನ್ನಡದ ಮಟ್ಟಿಗೆ ನನ್ನನ್ನ ಹೆಚ್ಚು ಕಾಡಿದ್ದು ಒತ್ತಕ್ಷರ. ಇಂಗ್ಲಿಷ್ ಅಕ್ಷರಕ್ಕೆ ತಕ್ಕ ಹಾಗೆ ಸಾಲಿನ ಎತ್ತರ ಬಿಗಿಯಾಗಿ ಕಟ್ಟಿ, ಮೀರಿದ್ದನ್ನ ಮರೆಮಾಡಿ ಅಂತ ಬರೆದಿರ್ತಾರೆ. ‘ರಾಷ್ಟ್ರೀಯ’ ಅಂತ ಬಂದರೆ ಕೆಳಗಿನ ಒತ್ತುಗಳ ಬುಡ ಕತ್ತರಿಸಿಹೋಗುತ್ತೆ. ಆಂಡ್ರಾಯ್ಡ್‌ನ ಕನ್ನಡ ಫಾಂಟೇ ಬೇರೆ, ಐಫೋನ್‌ನದೇ ಬೇರೆ, ಡಿಸೈನ್ ಮಾಡಿದವರ ಮ್ಯಾಕ್‌ನಲ್ಲಿ ಕಂಡದ್ದೇ ಬೇರೆ. ಒಂದರಲ್ಲಿ ಅಂಚಿಗೆ ಬಂದು ನಿಂತ ಒತ್ತು ಇನ್ನೊಂದರಲ್ಲಿ ಕಾಣೆಯಾಗುತ್ತೆ. ಒಮ್ಮೆ ಒಬ್ಬ ಗ್ರಾಹಕರ ಸೈಟ್‌ನಲ್ಲಿ ಇಂಥದ್ದೇ ಆಗಿ, ‘ನಮ್ಮ ಕನ್ನಡ ಓದೋಕಾಗ್ತಿಲ್ಲ’ ಅಂತ ದೂರು ಬಂತು. ಚೆನ್ನೈನಲ್ಲಿ ಕೂತಿದ್ದ ಡಿಸೈನರ್‌ಗೆ ಕನ್ನಡ ಬರಲ್ಲ, ಕತ್ತರಿಸಿದ ಒತ್ತೂ ಪೂರ್ತಿ ಒತ್ತೂ ಅವರಿಗೆ ಒಂದೇ. ಫೋನ್‌ನಲ್ಲಿ ಎರುಡಾ ತೆರೆದು ಸಾಲಿನ ಎತ್ತರವನ್ನ 1.2ರಿಂದ 1.6ಕ್ಕೆ ಏರಿಸಿ, ಮೊದಲಿನದು ಆಮೇಲಿನದು ಎರಡೂ ಚಿತ್ರ ಕಳಿಸಿದೆ. ಭಾಷೆ ಬೇಕಾಗಲಿಲ್ಲ, ಹತ್ತು ನಿಮಿಷದಲ್ಲಿ ಮುಗೀತು.

ಇದನ್ನೆಲ್ಲ ಓದಿ ಇವತ್ತೇ ರಾತ್ರಿ ಆಂಡ್ರಾಯ್ಡ್ ಫೋನ್‌ಗೆ ಕೇಬಲ್ ಚುಚ್ಚಿ ನೋಡೋರಿಗೆ ಒಂದು ಮಾತು. ಕೆಲಸ ಮುಗಿದ ಮೇಲೆ ಯುಎಸ್‌ಬಿ ಡೀಬಗ್ಗಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯೋಕೇ ಒಪ್ಪಲ್ಲ, ಮತ್ತೆ ಅದು ನೆನಪಾಗೋದು ದರ್ಶಿನಿಯಲ್ಲಿ ಮಸಾಲೆ ದೋಸೆಗೆ ಆರ್ಡರ್ ಹೇಳಿ, ಹಿಂದೆ ಕ್ಯೂ ಬೆಳೆದು, ಕ್ಯಾಶಿಯರ್ ನಿಮ್ಮ ಮುಖವನ್ನೇ ನೋಡ್ತಾ ಇರುವಾಗ.